ಚಾರ್ಜ್: ಒಂದೇ ಬೋರ್ಡು, ಮೂರು ಅರ್ಥ (ತುರ್ತಾಗಿ ಬೇಕು)

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕರೆಂಟ್ ಗಾಡಿಗಳಿಗೆ ಚಾರ್ಜರ್ ಹಾಕಿಸಿದ್ದೇವೆ. ಬೋರ್ಡು ಬರೆಸುವ ಕೆಲಸ ನನ್ನ ತಲೆಗೆ ಬಂದಿದೆ. ನಾಳೆ ಬೆಳಿಗ್ಗೆ ಮ್ಯಾಟರ್ ಕೊಡಬೇಕು. ಸಮಿತಿಯವರು ಇಂಗ್ಲಿಷಿನಲ್ಲಿ ಕೊಟ್ಟಿರುವುದು ಇಷ್ಟು: ಮೇಲೆ ‘ಇವಿ ಚಾರ್ಜಿಂಗ್’. ಅದರ ಕೆಳಗೆ ‘ಚಾರ್ಜಸ್’, ಯೂನಿಟ್ಟಿಗೆ ಇಷ್ಟು ರೂಪಾಯಿ ಅಂತ. ಕೊನೆಗೆ ‘ಇನ್‌ಚಾರ್ಜ್’, ಮುಂದೆ ಸೆಕ್ಯುರಿಟಿಯವರ ಫೋನ್ ನಂಬರ್.

ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು ಅನ್ನುವ 2024ರ ಕಾನೂನು ತಿದ್ದುಪಡಿ ಅಂಗಡಿ ಮುಂಗಟ್ಟಿನವರಿಗೆ. ನಮಗೆ ನೂರಕ್ಕೆ ನೂರು ಕನ್ನಡ ಬೇಕು. ಮೇಲಿನ ಮನೆಯ ಫಿಸಿಕ್ಸ್ ಮೇಷ್ಟ್ರು ‘ವಿದ್ಯುದಾವೇಶ ಕೇಂದ್ರ’ ಅಂತ ಹಾಕಿ ಅಂದರು. ನಡೆಯುತ್ತಾ?

*

> ವಿದ್ಯುದಾವೇಶ ಕೇಂದ್ರ

ಬೇಡವೇ ಬೇಡ ಮೇಡಂ. ಚಾರ್ಜಿಗೆ ಆವೇಶ ಅನ್ನುವುದು, ಧನ ಆವೇಶ, ಋಣ ಆವೇಶ ಎಲ್ಲ ಪಾಠಪುಸ್ತಕದಲ್ಲಿ ಚೆನ್ನ. ಬೇಸ್‌ಮೆಂಟಿನಲ್ಲಿ ಬರೆದರೆ ಅಲ್ಲಿ ಯಾರಿಗೋ ಮೈಮೇಲೆ ಬರುತ್ತೆ ಅಂದುಕೊಂಡಾರು. ಮೇಷ್ಟ್ರ ಲೆಕ್ಕಕ್ಕೂ ಅದು ಕೂರಲ್ಲ. ಬ್ಯಾಟರಿಯ ಒಂದು ತುದಿಯಲ್ಲಿ ಎಷ್ಟು ಎಲೆಕ್ಟ್ರಾನ್ ಒಳಗೆ ಹೋಗುತ್ತವೋ ಇನ್ನೊಂದು ತುದಿಯಿಂದ ಅಷ್ಟೇ ಹೊರಗೆ ಬರುತ್ತವೆ. ಒಟ್ಟು ಆವೇಶ ಇದ್ದ ಹಾಗೇ ಇರುತ್ತೆ. ಕೂಡಿಟ್ಟಿರುವುದು ರಾಸಾಯನಿಕ ಶಕ್ತಿ.

ಮೂಲಕ್ಕೆ ಹೋಗೋಣ. ಲ್ಯಾಟಿನ್ನಿನಲ್ಲಿ ‘ಕಾರುಸ್’ ಅಂದರೆ ಬಂಡಿ. ಅದರಿಂದ ‘ಕಾರಿಕಾರೆ’, ಬಂಡಿಗೆ ಹೊರೆ ಹೇರುವುದು. ಅದು ಫ್ರೆಂಚಿನಲ್ಲಿ ನುರಿದು ಇಂಗ್ಲಿಷಿಗೆ ಬಂದಾಗ ಚಾರ್ಜ್. ಕಾರು, ಕಾರ್ಗೋ ಎಲ್ಲ ಅದೇ ಬಳ್ಳಿ. ಹಾಗಾಗಿ ಕಾರನ್ನು ಚಾರ್ಜಿಗೆ ಹಾಕುವುದು ಅಂದರೆ ಅಣ್ಣನನ್ನು ತಮ್ಮನ ಮನೆಗೆ ಕಳಿಸಿದಂತೆ. ಬಂದೂಕಿಗೆ ಮದ್ದು ತುಂಬುವುದೂ ಚಾರ್ಜೇ. 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ಕೂಡಿಡುವ ಗಾಜಿನ ಲೇಡನ್ ಜಾಡಿಗಳ ಸಾಲಿಗೆ ಬ್ಯಾಟರಿ ಅಂದದ್ದು ಕೂಡ ಫಿರಂಗಿ ಸಾಲಿನ ಮಾತು.

ಕನ್ನಡದಲ್ಲೂ ಇದೇ ಹೊರೆ ಇದೆ, ನೋಡಿ. ಆರೋಪ ಹೊರಿಸುತ್ತೇವೆ. ತೆರಿಗೆ ಹೇರುತ್ತೇವೆ. ‘ಪ್ರಭಾರ’ದ ಒಳಗೆ ಭಾರ ಕೂತಿದೆ. ಲಾಠಿ ಚಾರ್ಜ್ ಒಂದು ಈ ಸಾಲಿಗೆ ಬರಲ್ಲ, ಅದು ಮೇಲೆ ನುಗ್ಗುವುದು. ಪತ್ರಿಕೆಯವರು ಅದಕ್ಕೇ ಪ್ರಹಾರ ಅಂದರು. ಹಾಗಾಗಿ ನನ್ನ ಸಲಹೆ: ‘ಮಿಂಚು ಹೇರುದಾಣ’. ತಂಗುದಾಣದ ಹಾಗೆ.

*

> ಮಿಂಚು ಹೇರುದಾಣ

ಸ್ಕೂಟರಿನವನು ಸಿಡಿಲು ಹೊಡೆಯುವ ಜಾಗ ಅಂತ ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ. ಮೂಲ ತಿಳಿದುಕೊಂಡು ಪದ ಕಟ್ಟಕ್ಕಾಗಲ್ಲ ಸ್ವಾಮಿ. ಹೇರುವುದು ಮೂಟೆಯನ್ನು.

ಮೇಡಂ, ಮೂರಕ್ಕೂ ಒಂದೇ ಪದ ಹುಡುಕಬೇಡಿ. ಎರಡನೇ ಸಾಲಿಗೆ ‘ದರ’ ಸಾಕು. ಯೂನಿಟ್ಟಿಗೆ ಇಷ್ಟು ಅಂದಾಗ ಅದು ದರ. ಬಳಸಿದರೂ ಬಿಟ್ಟರೂ ಕಟ್ಟಬೇಕಾದದ್ದು ಶುಲ್ಕ, ಕರೆಂಟ್ ಬಿಲ್ಲಿನ ನಿಗದಿತ ಶುಲ್ಕದ ಹಾಗೆ. ರಾತ್ರಿ 10ರ ಮೇಲೆ ಆಟೋದವರು ಕೇಳುವ ಒಂದೂವರೆ ಚಾರ್ಜೂ ದರವೇ.

ಮೂರನೆಯದಕ್ಕೆ ‘ಪ್ರಭಾರ’ ಹಾಕಿದರೆ ಎಡವಟ್ಟು. ಪ್ರಭಾರ ಮುಖ್ಯ ಶಿಕ್ಷಕರು ಅಂದರೆ ಖಾಲಿ ಕುರ್ಚಿಯನ್ನು ಸದ್ಯಕ್ಕೆ ನೋಡಿಕೊಳ್ಳುತ್ತಿರುವವರು. ನಿಮ್ಮ ಸೆಕ್ಯುರಿಟಿಯವರು ಹಾಗಲ್ಲ ಅಲ್ವಾ? ‘ಉಸ್ತುವಾರಿ’ ಅನ್ನಿ. ಜಿಲ್ಲೆಗೊಬ್ಬ ಉಸ್ತುವಾರಿ ಸಚಿವರು ಇರುವ ಊರಿನಲ್ಲಿ ಅದು ಎಲ್ಲರಿಗೂ ಗೊತ್ತು.

ಮೊದಲ ಸಾಲಿಗೆ ‘ವಿದ್ಯುತ್ ತುಂಬುದಾಣ’ ಆಗಬಹುದು. ಇಲ್ಲವೇ ಸುಮ್ನೆ ‘ಗಾಡಿ ಚಾರ್ಜಿಂಗ್ ಜಾಗ’.

*

> ವಿದ್ಯುತ್ ತುಂಬುದಾಣ

ಅರಿಸಮಾಸ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದು ಸಮಾಸ ಮಾಡಬಾರದು. ಇದನ್ನು ಈ ಗುಂಪಿನಲ್ಲೂ ಹೇಳಿಕೊಡಬೇಕೇ?

ಇನ್ನು ಚಾರ್ಜು ನಮ್ಮ ‘ಖರ್ಚು’ವಿನ ತಮ್ಮ ಇರಬೇಕು. ಆ ಕಡೆಯಿಂದ ಹುಡುಕಿದರೆ ಒಳ್ಳೆಯ ಪದ ಸಿಕ್ಕೀತು.

*

> ಖರ್ಚುವಿನ ತಮ್ಮ

ಅಲ್ಲ. ಖರ್ಚು ಪಾರಸಿಯಿಂದ ಬಂದದ್ದು, ಅಲ್ಲಿಗೆ ಅರಬ್ಬಿಯಿಂದ. ಅದರ ಧಾತುವಿಗೆ ಹೊರಗೆ ಹೋಗುವುದು ಅಂತ ಅರ್ಥ. ಬಂಡಿಗೂ ಅದಕ್ಕೂ ಸಂಬಂಧ ಇಲ್ಲ.

> ಅರಿಸಮಾಸ

ವಿಮಾನ ನಿಲ್ದಾಣ ಯಾವ ಸಮಾಸ? ದೇವನಹಳ್ಳಿಗೆ ಹೋಗಿ ಆ ಬೋರ್ಡು ಇಳಿಸಿ ಬನ್ನಿ, ಆಮೇಲೆ ಮಾತಾಡೋಣ.

*

ತಾಣ ಸ್ಥಾನದ ತದ್ಭವ, ಕನ್ನಡದ ‘ನಿಲ್’ ಜೊತೆ ಸೇರಬಹುದು. ಬಳಕೆಯಲ್ಲಿ ಸವೆದ ಮಾತಿಗೆ ವಿನಾಯಿತಿ ಇದೆ, ಹೊಸದಾಗಿ ಕಟ್ಟುವವರಿಗೆ ಇಲ್ಲ. ಒಂದೊಂದೇ ಇಂಗ್ಲಿಷ್ ಪದ ಒಳಗೆ ಬಿಟ್ಟುಕೊಂಡು ಕೊನೆಗೆ ನಮ್ಮ ಹತ್ತಿರ ಉಳಿಯುವುದು ‘ಮಾಡು’, ‘ಆಗು’ ಎರಡೇ ಕ್ರಿಯಾಪದ. ಚಾರ್ಜ್ ಮಾಡು, ಚೆಕ್ ಮಾಡು, ಫಾರ್ವರ್ಡ್ ಮಾಡು. ಇದು ಕನ್ನಡವೇ?

*

ಕನ್ನಡವೇ. ಅರ್ಜಿ, ರಸೀದಿ, ಕಚೇರಿ, ತಹಶೀಲ್ದಾರ್ ಬಂದಾಗ ಯಾರೂ ಬಾಗಿಲು ಹಾಕಲಿಲ್ಲ. ಪೋರ್ಚುಗೀಸರು ಬಿಟ್ಟುಹೋದ ಚಾವಿ, ಅಲಮಾರಿ ಮನೆಯಲ್ಲೇ ಇವೆ. ಚಾರ್ಜಿಗೂ ಹಾಗೇ ಕನ್ನಡದ ಗುಣ ಬಂದಿದೆ. ಫೋನ್ ‘ಚಾರ್ಜಿಗೆ ಹಾಕು’ ಅನ್ನುತ್ತೇವೆ. ‘ಗೆ’ ಅನ್ನುವ ಚತುರ್ಥಿ ವಿಭಕ್ತಿ ಹಚ್ಚಿ ಹಾಕುವುದು, ನೆನೆಹಾಕಲು ನೀರಿಗೆ ಹಾಕಿದ ಹಾಗೆ. ‘ಚಾರ್ಜ್ ನಿಲ್ತಿಲ್ಲ’ ಅನ್ನುತ್ತೇವೆ. ಈ ‘ನಿಲ್ಲು’ ಯಾವ ಇಂಗ್ಲಿಷಿನದು? ನಿಮ್ಮ ದೂರು ‘ಮಾಡು’ವಿನ ಮೇಲಿದ್ದರೆ ‘ಸ್ನಾನ ಮಾಡು’ ಬಿಟ್ಟು ಮೀಯಲು ಶುರು ಮಾಡಿ.

*

ಎಲ್ಲರಿಗೂ ಧನ್ಯವಾದ. ಬೋರ್ಡಿನವರಿಗೆ ಹೀಗೆ ಕಳಿಸಿದ್ದೇನೆ: ‘ವಾಹನ ಚಾರ್ಜಿಂಗ್ ತಾಣ. ದರ: ಯೂನಿಟ್ಟಿಗೆ’. ಮೊತ್ತದ ಜಾಗ ಖಾಲಿ, ಬದಲಾದಾಗ ಬರೆದುಕೊಳ್ಳಲು. ಕೊನೆಗೆ ‘ಉಸ್ತುವಾರಿ: ಭದ್ರತಾ ಸಿಬ್ಬಂದಿ’. ಮೇಷ್ಟ್ರಿಗೆ ಎಲೆಕ್ಟ್ರಾನ್ ವಿಷಯ ಹೇಳಿದೆ. ಆವೇಶವನ್ನು ಬಿಟ್ಟುಕೊಟ್ಟರು, ‘ವಿದ್ಯುತ್ಪೂರಣ’ ಆದರೂ ಹಾಕಿ ಅಂತ ಕೂತಿದ್ದಾರೆ.

*

> ಚಾರ್ಜಿಂಗ್ ತಾಣ

ಆಯ್ತು, ಆದರೆ ಎಲ್ಲರೂ ಚಾರ್ಜ್ ಅಂತ ಯಾಕೆ ಬರೆಯುತ್ತಿದ್ದೀರಿ? ಕನ್ನಡ ಪದ ವ್ಯಂಜನದಲ್ಲಿ ನಿಲ್ಲುವುದಿಲ್ಲ. ಬಸ್ಸು, ಕಾರು, ಬಿಲ್ಲು. ಹಾಗೇ ಚಾರ್ಜು.

*

ಹಳಗನ್ನಡದ ಕಣ್, ಮಣ್, ಪಾಲ್ ಎಲ್ಲಿ ನಿಂತಿದ್ದವು? ಈ ಚರ್ಚೆಗೆ ಬೇರೆ ವಿಷಯಸಾಲು ಹಾಕಿ. ಇದು ಬೋರ್ಡಿನ ಪ್ರಶ್ನೆ.