ದಿ ಕ್ಲೀನ್ ಬ್ಯಾಂಡಿನ 'ಟ್ಯಾಲಿ ಹೋ!' ಕೇಳಿದೀರಾ ಯಾರಾದ್ರೂ?

ಹಳೇಕ್ಯಾಸೆಟ್: ನ್ಯೂಜಿಲ್ಯಾಂಡಿನ ಡನೀಡಿನ್ ಊರಿನ ಹುಡುಗರು, 1981ರ ಸಿಂಗಲ್. ನಿನ್ನೆ ರಾತ್ರಿ ಪಾತ್ರೆ ತೊಳೀತಾ ಹಾಕ್ದೆ, ಶುರುವಲ್ಲೇ ಆ ಆರ್ಗನ್ ಪೀಂ ಪೀಂ ಅಂತ ಬರತ್ತಲ್ಲ, ಕೈಯಲ್ಲಿ ಸೋಪು ಹಿಡ್ಕೊಂಡೇ ನಾಲ್ಕು ಸಲ ರಿಪೀಟ್ ಮಾಡ್ದೆ. ಇದ್ರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಬಿಸೈಡ್: ಅಲ್ಲಿ ಮಾತಾಡ್ತಾರೆ ಗುರು, ಅವರ ಚಾರ್ಟಲ್ಲಿ 19ನೇ ಸ್ಥಾನಕ್ಕೆ ಹೋಗಿತ್ತು. ಕ್ರೈಸ್ಟ್‌ಚರ್ಚಲ್ಲಿ ರೆಕಾರ್ಡ್ ಅಂಗಡಿ ನೋಡ್ಕೊಳ್ತಿದ್ದ ರೋಜರ್ ಶೆಪರ್ಡ್ ಆ ವರ್ಷನೇ ಫ್ಲೈಯಿಂಗ್ ನನ್ ಅಂತ ಲೇಬಲ್ಲು, ಅಂದ್ರೆ ರೆಕಾರ್ಡ್ ಕಂಪನಿ ಶುರು ಮಾಡಿದ್ದ, ಅದರ ಎರಡನೇ ರಿಲೀಸೇ ಇದು. ಆರ್ಗನ್ ನುಡಿಸಿದ್ದು ದಿ ಚಿಲ್ಸ್ ಅನ್ನೋ ಇನ್ನೊಂದು ಬ್ಯಾಂಡಿನ ಮಾರ್ಟಿನ್ ಫಿಲಿಪ್ಸ್.

ಮಳೆಹುಡುಗಿ: ನಂಗೆ ರೆಕಾರ್ಡಿಂಗ್ ಸ್ವಲ್ಪ ತಗಡು ಡಬ್ಬದ ಥರ ಅನ್ಸತ್ತೆ, ಹಾಡು ಸೂಪರ್ ಆದ್ರೆ ಡ್ರಮ್ಸ್ ಪಕ್ಕದ್ಮನೇಲಿ ಬಾರಿಸ್ದಂಗಿದೆ 😅

ಬಿಸೈಡ್: ತೀರಾ ಕಮ್ಮಿ ದುಡ್ಡಲ್ಲಿ ಮಾಡಿದ್ದು ಮೇಡಂ, ಅಷ್ಟು ಬರತ್ತೆ. ಅವರ ಮುಂದಿನ 'ಬೂಡಲ್ ಬೂಡಲ್ ಬೂಡಲ್' ಇಪಿ (ಕೆಲವೇ ಹಾಡಿನ ಸಣ್ಣ ರೆಕಾರ್ಡು) ಕೇಳಿ, ಅದನ್ನ ಸಂಗೀತಗಾರ ಕ್ರಿಸ್ ನಾಕ್ಸ್, ಸೌಂಡ್ ಎಂಜಿನಿಯರ್ ಡಗ್ ಹುಡ್ ಸೇರ್ಕೊಂಡು ಬರೀ 4 ಟ್ರ್ಯಾಕ್ ಮಷೀನಲ್ಲಿ ರೆಕಾರ್ಡ್ ಮಾಡಿದ್ದು, ಸೌಂಡ್ ಎಷ್ಟೋ ವಾಸಿ.

ಹಳೇಕ್ಯಾಸೆಟ್: ತಗಡು ಡಬ್ಬನೇ ಮಜಾ ಕಣ್ರೀ! ಇಪಿ ಇವತ್ತು ರಾತ್ರಿ, ಪಾತ್ರೆ ಹೆಂಗೂ ಇದಾವೆ.