‘ಲಾಸ್ಟ್ ನೇಮ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕೊಡಗಿನ ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ ಕೆಲಸ ನನ್ನದು. ದಾಖಲಾತಿ ಶುರುವಾಯಿತೆಂದರೆ ದಿನವಿಡೀ ಕಂಪ್ಯೂಟರಿಗೆ ಹೆಸರು ತುಂಬುವುದೇ ಆಗುತ್ತದೆ. ಹೋದ ವರ್ಷ ಮಕ್ಕಳಿಗೆ ಸುಲಭವಾಗಲಿ ಅಂತ ಅರ್ಜಿಯನ್ನು ಕನ್ನಡದಲ್ಲೂ ಅಚ್ಚು ಹಾಕಿಸಿದೆವು. ‘ಫಸ್ಟ್ ನೇಮ್’ಗೆ ‘ಮೊದಲ ಹೆಸರು’, ‘ಲಾಸ್ಟ್ ನೇಮ್’ಗೆ ‘ಕೊನೆಯ ಹೆಸರು’ ಅಂತ ಬರೆದವನು ನಾನೇ. ಎಡವಟ್ಟಾಗಿದ್ದು ಅಲ್ಲೇ.

ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಅದು ‘ಮನೆ ಪೆದ’. ಜನರಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಮನೆ ಪೆದ, ಮಾದಪ್ಪ ತಂದೆ, ಕಾರ್ಯಪ್ಪ ಇಟ್ಟ ಹೆಸರು. ಜನರಲ್ ತಿಮ್ಮಯ್ಯನವರೂ ಅದೇ ಮನೆತನ. ನನ್ನ ಅರ್ಜಿ ಇವರಿಬ್ಬರ ಕೈಗೆ ಸಿಕ್ಕಿದ್ದರೆ ಕಂಪ್ಯೂಟರ್ ಇಬ್ಬರನ್ನೂ ‘ಕೊಡಂದೇರ’ ಅಂತಲೇ ಕರೆದು, ಬೇರೆ ಬೇರೆ ಮನೆಯವರು ಅಂದುಕೊಳ್ಳುತ್ತಿತ್ತು! ಅರೆಭಾಷೆ, ಅಂದರೆ ಕೊಡಗು, ಸುಳ್ಯ ಕಡೆಯ ಒಂದು ಬಗೆಯ ಕನ್ನಡ, ಆಡುವವರದ್ದೂ ಹೀಗೇ. 1837ರ ಅಮರ ಸುಳ್ಯ ಹೋರಾಟದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಲ್ಲೂ ಮನೆ ಮೊದಲು.

ಒಬ್ಬ ಹುಡುಗಿ ಬಂದಿದ್ದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್. ಆಧಾರ್‌ನಲ್ಲಿ ಅವೆರಡೂ ಪೂರ್ತಿ ಬಿಡಿಸಿದ್ದು. ನಮ್ಮ ಅರ್ಜಿಯಲ್ಲಿ ಹಿಂದುಮುಂದು. ಒಬ್ಬಳೇ ಹುಡುಗಿ, ಮೂರು ಹೆಸರು. ಮೊದಲಾದರೆ ರಿಜಿಸ್ಟರಿನಲ್ಲಿ ಕೆಂಪು ಇಂಕಿನಲ್ಲಿ ತಿದ್ದಿ ಸಹಿ ಹಾಕಿದರೆ ಮುಗಿಯುತ್ತಿತ್ತು. ಈಗ 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ವಿದ್ಯಾರ್ಥಿಗಳ ಓದಿನ ಲೆಕ್ಕ ಇಡುವ ಆನ್‌ಲೈನ್ ಖಾತೆ, ಇದೆ. ಓದಿದ ಕ್ರೆಡಿಟ್ ಅಲ್ಲಿ ಜಮೆ ಆಗಬೇಕಲ್ಲ, ಹೆಸರು ತಾಳೆ ಆಗಲೇಬೇಕು. ಓದುವಾಗಲೇ ಮದುವೆಯಾದವರದ್ದು ಇನ್ನೂ ಪಜೀತಿ. ಅಂಕಪಟ್ಟಿಯಲ್ಲಿ ತಾಮನೆಯ, ಅಂದರೆ ತವರಿನ, ಮನೆ ಪೆದ. ಹೊಸ ಕಾಗದದಲ್ಲಿ ಗಂಡನ ಮನೆಯದು.

ಈ ಸಲ ಅರ್ಜಿ ತಿದ್ದಬೇಕು. ‘ಫಸ್ಟ್ ನೇಮ್’ಗೆ ‘ಇಟ್ಟ ಹೆಸರು’ ಅಂತ ಹಾಕೋಣ ಅಂದುಕೊಂಡಿದ್ದೇನೆ. ಹೆಸರು ಇಡೋದು ನಮ್ಮ ಮಾತೇ ಅಲ್ವಾ. ‘ಕರೆಯುವ ಹೆಸರು’ ಅಂದರೆ ‘ಪುಟ್ಟ’, ‘ಬೇಬಿ’ ಅಂತ ಬರೆದಾರು.

ತೊಡಕು ‘ಲಾಸ್ಟ್ ನೇಮ್’ನದ್ದು. ‘ಅಡ್ಡಹೆಸರು’ ಧಾರವಾಡದ ಕಡೆ ಮನೆತನದ್ದೇ, ನಮ್ಮ ಕಡೆ ತಮಾಷೆಗೆ ಕರೆಯುವ ಹೆಸರು. ‘ಕುಲನಾಮ’ ಅಂದರೆ ಮಕ್ಕಳು ಜಾತಿ ಬರೆಯುತ್ತಾರೆ. ‘ಉಪನಾಮ’ ಯಾರ ಬಾಯಲ್ಲೂ ಇಲ್ಲ. ನನಗೆ ‘ಮನೆಹೆಸರು’ ಇಷ್ಟ. ‘ಮನೆ ಪೆದ’ಕ್ಕೂ ಅದು ಹತ್ತಿರ. ‘ಪೆದ’ ಬೇರೇನಲ್ಲ, ಹಳಗನ್ನಡದ ‘ಪೆಸರ್’, ತಮಿಳಿನ ‘ಪೆಯರ್’ ಇವುಗಳ ಬಳಗದ್ದೇ. ಆದರೆ ನಮ್ಮ ಕ್ಲರ್ಕ್ ಒಬ್ಬರು ತಕರಾರು ತೆಗೆದರು: ‘ಸಾರ್, ಗೇಟಿನ ಮೇಲೆ ಬರೆಸಿರುವ ಹೆಸರನ್ನ ಬರೆದುಬಿಟ್ಟರೆ?’ ಅದೂ ನಿಜವೇ. ಇಲ್ಲಿ ಅರ್ಧ ಮನೆಗಳಿಗೆ ‘ಕಾವೇರಿ ನಿಲಯ’ ಅಂತ ಬೋರ್ಡಿದೆ.

 

ಉತ್ತರ ಕರ್ನಾಟಕದ ಕಾಲೇಜುಗಳ ಕನ್ನಡ ಅರ್ಜಿಗಳಲ್ಲಿ ಈ ಜಾಗಕ್ಕೆ ಏನು ಅಚ್ಚಾಗಿರುತ್ತದೆ? ಮನೆತನದ ಹೆಸರೇ ಇಲ್ಲದ, ಬರೀ ಊರು ಮತ್ತು ಅಪ್ಪನ ಇನಿಶಿಯಲ್ ಇರುವ ಮೈಸೂರು ಕಡೆಯ ಮಕ್ಕಳು ಅಲ್ಲಿ ಏನು ತುಂಬುತ್ತಾರೆ? ಕಂಡವರು ಹೇಳಿ. ಅರ್ಜಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.