ಸಹಾಯ ಬೇಕು: ಕ್ಷಮಿಸಿದ ಮೇಲೂ ಸಾಲ ವಾಪಸ್ ಕೇಳಬಹುದಾ?

ಎಲ್ಲರಿಗೂ ವಂದನೆ. ದೊಡ್ಡಪ್ಪನ ಮಗ ಮನೆ ಕಟ್ಟುವಾಗ ನನ್ನ ಹತ್ತಿರ ಸಾಲ ತೆಗೆದುಕೊಂಡಿದ್ದರು. ಈಗ ಕೇಳಿದರೆ ಮಾತು ಮರೆಸುತ್ತಾರೆ. ಭಾನುವಾರ ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಕೂತಿರುತ್ತಾರೆ. ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ನನಗೆ ಬಾಯೇ ಬರುವುದಿಲ್ಲ.

ಬೈಬಲಿನ ಮತ್ತಾಯ 18:15ರಲ್ಲಿ ಇರುವಂತೆ ಮೊದಲು ಒಬ್ಬನೇ ಹೋಗಿ ಮಾತಾಡಿದೆ. ಆಮೇಲೆ 16ನೇ ವಚನದಂತೆ ಚಿಕ್ಕಪ್ಪನನ್ನೂ ಕರೆದುಕೊಂಡು ಹೋದೆ. ಕಾಫಿ ಕೊಟ್ಟರು, ಊರ ಸುದ್ದಿ ಎಲ್ಲಾ ಮಾತಾಡಿದರು, ದುಡ್ಡಿನ ವಿಷಯ ಮಾತ್ರ ಎತ್ತಲಿಲ್ಲ. ಅವರ ಹೆಸರು ಹೇಳಿ ದಿನಾ ಪ್ರಾರ್ಥನೆಯನ್ನೂ ಮಾಡುತ್ತಿದ್ದೇನೆ. ಸಿಟ್ಟು ಸ್ವಲ್ಪ ಇಳಿದಿದೆ, ಅದು ನಿಜ.

ನನಗೆ ಗೊಂದಲ ಆಗಿರೋದು ಇಲ್ಲಿ. ಲೂಕ 17:3ರಲ್ಲಿ, ತಪ್ಪು ಮಾಡಿದವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅಂತಿದೆ. ಮಾರ್ಕ 11:25ರಲ್ಲಿ ಆ ಷರತ್ತೇ ಇಲ್ಲ, ಪ್ರಾರ್ಥನೆಗೆ ನಿಂತಾಗ ಯಾರ ಮೇಲೆ ಏನಿದ್ದರೂ ಕ್ಷಮಿಸಿ ಅಂತಿದೆ. ಲೂಕ 6:35 ಅಂತೂ ವಾಪಸ್ ಬರುವ ಆಸೆ ಇಲ್ಲದೆ ಸಾಲ ಕೊಡಿ ಅನ್ನುತ್ತದೆ. ಅಮ್ಮ ಸುಮ್ನೆ ಬಿಟ್ಟುಬಿಡು ಅನ್ನುತ್ತಾರೆ. ಮಗಳ ಕಾಲೇಜು ಫೀಸು ಕಟ್ಟಬೇಕಾದವನು ನಾನು ಅಲ್ವಾ?

ಅವರು ತಪ್ಪು ಒಪ್ಪಿಕೊಳ್ಳದಿದ್ದರೂ ಮನಸ್ಸಿನಲ್ಲಿ ಕ್ಷಮಿಸಿ, ದುಡ್ಡನ್ನು ಮಾತ್ರ ಕೇಳುತ್ತಾ ಇರಬಹುದಾ? ಇಲ್ಲಾ, ಸಾಲ ಬಿಟ್ಟುಕೊಟ್ಟರೆ ಮಾತ್ರ ಅದು ಕ್ಷಮೆಯಾ? ತಿಳಿದವರು ವಚನದ ಸಮೇತ ಹೇಳಿ.